ಮೊದಲು ವಯಸ್ಸು ಕೇಳಿ: ಮಕ್ಕಳ ಇಸಿಜಿ ಓದುವ ಬಗೆ

ಕುಂದಗೋಳ ಕಡೆಯ ಒಬ್ಬ ಬಾಣಂತಿ ಮೂರು ವಾರದ ಕೂಸನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಬಂದಿದ್ದಳು. ಜೊತೆಗೆ ಅವಳ ಅವ್ವ. ಅವ್ವನ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಇಸಿಜಿ ಕಾಗದ, ಅಂದರೆ ಹೃದಯದ ಕರೆಂಟನ್ನು ಗೆರೆಯಾಗಿ ಬರೆದ ಕಾಗದ. ನೆಗಡಿಗೆಂದು ತೋರಿಸಲು ಹೋದಾಗ ಎದೆಬಡಿತ ಜೋರಾಗಿದೆ ಅನಿಸಿ ಯಾರೋ ತೆಗೆಸಿದ್ದರು.

"ಇದರಾಗ ಏನೋ ಕೆಟ್ಟ ಬರದೈತಂತ್ರಿ. ಕೂಸಿನ ಹಾರ್ಟ್ ದಪ್ಪ ಆಗೈತಂತ. ರಾತ್ರಿ ಯಾರೂ ಮಲಗಿಲ್ರಿ ಡಾಕ್ಟ್ರೇ."

ಕಾಗದ ಬಿಡಿಸಿ ನೋಡಿದೆ. ಮೇಲ್ತುದಿಯಲ್ಲಿ ಮಷೀನ್ ತಾನೇ ಅಚ್ಚು ಹಾಕಿತ್ತು: ಅಬ್‌ನಾರ್ಮಲ್ ಇಸಿಜಿ, ಬಲಗಡೆಯ ಕೆಳಕೋಣೆ ದಪ್ಪಗಾಗಿರಬಹುದು. ಅದರ ಪಕ್ಕದಲ್ಲಿ ವಯಸ್ಸು ಬರೆಯುವ ಜಾಗ ಖಾಲಿ ಇತ್ತು. ವಯಸ್ಸು ಹೇಳದೇ ಇದ್ದಿದ್ದರಿಂದ ಮಷೀನು ಆ ಕೂಸನ್ನು ದೊಡ್ಡವರ ಲೆಕ್ಕದಲ್ಲಿ ಅಳೆದುಬಿಟ್ಟಿತ್ತು. ನಾನು ಪೆನ್ ತೆಗೆದು ಆ ಜಾಗದಲ್ಲಿ '21 ದಿನ' ಎಂದು ಬರೆದೆ. ಆಮೇಲೆ ಗೆರೆ ನೋಡಿದೆ. 21 ದಿನದ ಕೂಸಿಗೆ ಹೇಗಿರಬೇಕೋ ಹಾಗೇ ಇತ್ತು. ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದೆ, ತೊಡೆಯ ಸಂದಿನ ನಾಡಿ ಮುಟ್ಟಿದೆ, ಆಕ್ಸಿಜನ್ ನೋಡಿದೆ. ಎಲ್ಲ ಚಲೋ ಇತ್ತು. "ಏನೂ ಆಗಿಲ್ಲವ್ವಾ, ಕೂಸು ಗಟ್ಟಿ ಐತಿ" ಅಂದಾಗ ಆ ಹಿರಿಯಾಕೆ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಈ ಲೇಖನ ಬರೆಯಲು ಕಾರಣ ಆ ಕಾಗದ. ನಮ್ಮ ಕಡೆಯ ಹೌಸ್ ಸರ್ಜನ್‌ಗಳು, ತಾಲೂಕು ಆಸ್ಪತ್ರೆಯ ಯುವ ಡಾಕ್ಟರ್‌ಗಳು, ಇಸಿಜಿ ತೆಗೆಯುವ ಸಿಸ್ಟರ್‌ಗಳು ಇದನ್ನು ಓದಲಿ ಎಂಬ ಆಸೆ. ಅಪ್ಪ-ಅಮ್ಮಂದಿರು ಓದಿದರೂ ಅರ್ಥವಾಗುವಂತೆ ಬರೆಯುತ್ತೇನೆ.

ಮೊದಲು ಕಾಗದವನ್ನೇ ನೋಡೋಣ. ಇಸಿಜಿ ಕಾಗದ ಗಣಿತದ ನೋಟ್‌ಬುಕ್ಕಿನ ಹಾಗೆ, ಪೂರ್ತಿ ಚೌಕಗಳು. ಅದು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾಗಿ ಅಡ್ಡಕ್ಕೆ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಐದು ಸಣ್ಣ ಚೌಕ ಸೇರಿದ ಒಂದು ದೊಡ್ಡ ಚೌಕ 0.2 ಸೆಕೆಂಡ್. ಉದ್ದಕ್ಕೆ 10 ಮಿಲಿಮೀಟರ್ ಅಂದರೆ 1 ಮಿಲಿವೋಲ್ಟ್. ಮಕ್ಕಳ ಎದೆಗೋಡೆ ತೆಳು, ಗೆರೆ ಎತ್ತರಕ್ಕೆ ಜಿಗಿದು ಒಂದರ ಮೇಲೊಂದು ಬೀಳುತ್ತದೆ. ಆಗ ಕೆಲವರು ಅಳತೆಯನ್ನು ಅರ್ಧ ಮಾಡಿ ತೆಗೆಯುತ್ತಾರೆ. ಆದ್ದರಿಂದ ಕಾಗದದ ಅಂಚಿನಲ್ಲಿ ಅಳತೆ ಹೇಳುವ ಚೌಕಾಕಾರದ ಗುರುತನ್ನು ನೋಡದೇ ಎತ್ತರದ ಬಗ್ಗೆ ಮಾತಾಡಬೇಡಿ.

ಗೆರೆಯಲ್ಲಿ ಮೂರು ಮುಖ್ಯ ಏರಿಳಿತಗಳಿವೆ. ಹೃದಯದ ಮೇಲಿನ ಕೋಣೆಗಳಲ್ಲಿ ಕರೆಂಟ್ ಹರಿದಾಗ ಬರುವ ಸಣ್ಣ ಗುಡ್ಡ ಪಿ. ಕೆಳಗಿನ ಕೋಣೆಗಳಲ್ಲಿ ಹರಿದಾಗ ಚೂಪಾಗಿ ಏಳುವುದು ಕ್ಯೂಆರ್‌ಎಸ್: ಮೊದಲ ಇಳಿತ ಕ್ಯೂ, ಮೇಲಿನ ಮೊನೆ ಆರ್, ಆಮೇಲಿನ ಇಳಿತ ಎಸ್. ಆ ಕೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗುವಾಗ ಬರುವುದು ಟಿ. ಈ ಅಕ್ಷರಗಳನ್ನು ಕೊಟ್ಟವರು ಹಾಲೆಂಡಿನ ವಿಲ್ಲೆಮ್ ಐಂಥೋವನ್. 1924ರಲ್ಲಿ ಅವರಿಗೆ ನೊಬೆಲ್ ಬಂತು. ನೂರು ವರ್ಷ ಕಳೆದರೂ ನಾವು ಅವೇ ಅಕ್ಷರ ಬಳಸುತ್ತಿದ್ದೇವೆ.

ಇನ್ನು ಲೀಡ್. ಹೊಸಬರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಕೈಕಾಲಿಗೆ ನಾಲ್ಕು, ಎದೆಗೆ ಆರು ವೈರ್ ಹಚ್ಚುತ್ತೇವೆ, ಆದರೆ ಕಾಗದದ ಮೇಲೆ ಹನ್ನೆರಡು ಲೀಡ್ ಬರುತ್ತವೆ. ಸಿದ್ಧಾರೂಢ ಮಠದ ತೇರು ನೆನೆಸಿಕೊಳ್ಳಿ. ಒಂದೇ ತೇರು, ಸುತ್ತ ಹನ್ನೆರಡು ಕಡೆ ಜನ ನಿಂತಿದ್ದಾರೆ. ಯಾರ ಕಡೆಗೆ ತೇರು ಬರುತ್ತದೋ ಅವರಿಗೆ ಕಳಸ ದೊಡ್ಡದಾಗುತ್ತ ಕಾಣುತ್ತದೆ, ಹಿಂದೆ ನಿಂತವರಿಗೆ ಸಣ್ಣದಾಗುತ್ತ ಹೋಗುತ್ತದೆ. ಲೀಡ್ ಅಂದರೆ ಹಾಗೆ ನಿಂತ ಒಬ್ಬೊಬ್ಬ ಭಕ್ತ. ಕರೆಂಟ್ ತನ್ನ ಕಡೆ ಬಂದರೆ ಗೆರೆ ಮೇಲಕ್ಕೆ, ತನ್ನಿಂದ ದೂರ ಹೋದರೆ ಕೆಳಕ್ಕೆ. ಎಲ್ಲರ ಮಾತು ಕೂಡಿಸಿದರೆ ತೇರು ಒಟ್ಟಾರೆ ಯಾವ ದಿಕ್ಕಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಆ ದಿಕ್ಕಿಗೇ ಆಕ್ಸಿಸ್ ಅನ್ನುತ್ತೇವೆ. ಲೀಡ್ 1 ನಿಂತಿರುವುದು ಎಡಕ್ಕೆ. ಎವಿಎಫ್ ನಿಂತಿರುವುದು ಕಾಲಿನ ಕಡೆಗೆ. ವಿ1 ಎದೆಮೂಳೆಯ ಬಲಕ್ಕೆ ನಿಂತು ಬಲಗಡೆಯ ಕೋಣೆಯನ್ನು ಹತ್ತಿರದಿಂದ ನೋಡುತ್ತದೆ. ವಿ6 ಎಡ ಕಂಕುಳ ಕೆಳಗೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡವರ ಇಸಿಜಿ ಕಲಿತವರು ಮಕ್ಕಳ ಇಸಿಜಿಯಲ್ಲಿ ಎಡವುವುದು ಯಾಕೆ?

ಹೃದಯದ ಕೆಳಗಿನ ಎರಡು ಕೋಣೆಗಳು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಅಂದುಕೊಳ್ಳಿ. ದೊಡ್ಡವರಲ್ಲಿ ಬಲಗಡೆಯ ಎತ್ತಿಗೆ ಹಗುರ ಕೆಲಸ, ಪಕ್ಕದಲ್ಲೇ ಇರುವ ಪುಪ್ಪುಸಕ್ಕೆ ರಕ್ತ ಕಳಿಸಿದರೆ ಆಯಿತು. ಎಡಗಡೆಯ ಎತ್ತು ಇಡೀ ಮೈಗೆ ರಕ್ತ ದೂಡಬೇಕು. ಅದಕ್ಕೇ ಅದು ದಪ್ಪ, ಬಲಿಷ್ಠ. ದೊಡ್ಡವರ ಇಸಿಜಿ ಅಂದರೆ ಹೆಚ್ಚುಕಡಿಮೆ ಆ ಎಡಗಡೆಯ ಎತ್ತಿನ ಕಥೆ.

ಹೊಟ್ಟೆಯೊಳಗಿನ ಕೂಸಿನಲ್ಲಿ ಹಾಗಲ್ಲ. ಅಲ್ಲಿ ಉಸಿರಾಟವೇ ಇಲ್ಲ. ಪುಪ್ಪುಸ ಮುದುಡಿಕೊಂಡಿರುತ್ತದೆ, ಅದರೊಳಗೆ ರಕ್ತ ನುಗ್ಗುವುದು ಕಷ್ಟ. ಬಲಗಡೆಯ ಕೋಣೆ ತಳ್ಳಿದ ರಕ್ತದ ಬಹುಪಾಲು ಡಕ್ಟಸ್ ಎಂಬ ಒಳದಾರಿ ಹಿಡಿದು ಮೈಯ ಕಡೆಗೆ ಹೋಗುತ್ತದೆ. ಅಂದರೆ ಒಂಬತ್ತು ತಿಂಗಳು ನೊಗದ ಹೆಚ್ಚಿನ ಭಾರ ಎಳೆದದ್ದು ಬಲಗಡೆಯ ಎತ್ತು. ಹುಟ್ಟಿದ ದಿನ ಅದರ ಗೋಡೆ ಎಡಗಡೆಯಷ್ಟೇ ಅಥವಾ ಅದಕ್ಕಿಂತ ದಪ್ಪ ಇರುತ್ತದೆ.

ಕೂಸು ಮೊದಲ ಸಲ ಅಳುತ್ತದೆ. ಪುಪ್ಪುಸ ಅರಳುತ್ತದೆ. ಡಕ್ಟಸ್ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಪುಪ್ಪುಸದ ಒತ್ತಡ ವಾರದಿಂದ ವಾರಕ್ಕೆ ಇಳಿಯುತ್ತ ಆರೆಂಟು ವಾರದ ಹೊತ್ತಿಗೆ ಸಾಕಷ್ಟು ತಗ್ಗುತ್ತದೆ. ಬಲಗಡೆಯ ಎತ್ತಿನ ಭಾರ ಇಳಿಯಿತು, ಎಡಗಡೆಯದು ಏರಿತು. ಆದರೆ ಮೈ ಬದಲಾಗಲು ಸಮಯ ಬೇಕಲ್ವಾ? ಈ ಭಾರ ಬದಲಾಯಿಸುವ ಕೆಲಸ ನಿಧಾನವಾಗಿ ನಡೆಯುತ್ತದೆ, ಮತ್ತು ಅದರ ಒಂದೊಂದು ಹೆಜ್ಜೆಯೂ ಇಸಿಜಿಯಲ್ಲಿ ಮೂಡುತ್ತದೆ. ಹುಟ್ಟಿದ ಕೂಸಿನ ಆಕ್ಸಿಸ್ ಬಲಕ್ಕೆ ವಾಲಿರುತ್ತದೆ, ಲೀಡ್ 1 ಸೊನ್ನೆ, ಎವಿಎಫ್ 90 ಅಂತ ಹಿಡಿದರೆ ಸುಮಾರು 120 ಡಿಗ್ರಿ ಆಸುಪಾಸು. ಲೀಡ್ 1ರಲ್ಲಿ ಗೆರೆ ಕೆಳಕ್ಕೆ, ಎವಿಎಫ್‌ನಲ್ಲಿ ಮೇಲಕ್ಕೆ. ವಿ1ರಲ್ಲಿ ಎತ್ತರದ ಆರ್. ತಿಂಗಳುಗಳು ಕಳೆದಂತೆ ಆಕ್ಸಿಸ್ ಎಡಕ್ಕೆ ಸರಿಯುತ್ತದೆ, ಮೂರು ವರ್ಷದ ಹೊತ್ತಿಗೆ ದೊಡ್ಡವರ ಹತ್ತಿರ ಬರುತ್ತದೆ. ವಿ1ರ ಆರ್ ತಗ್ಗುತ್ತ, ಎಸ್ ಆಳವಾಗುತ್ತ ಹೋಗುತ್ತದೆ. ನಲವತ್ತು ವರ್ಷದವರಲ್ಲಿ ಕಂಡರೆ ಗಾಬರಿಯಾಗಬೇಕಾದ ಚಿತ್ರ ಮೂರು ವಾರದ ಕೂಸಿನಲ್ಲಿ ಸಹಜ. ಕುಂದಗೋಳದ ಕೂಸಿನ ಕಾಗದದಲ್ಲಿ ಇದ್ದದ್ದು ಇಷ್ಟೇ.

ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ವಿ1ರ ಟಿ ಅಲೆ. ಹುಟ್ಟಿದ ಮೊದಲ ದಿನಗಳಲ್ಲಿ ಅದು ಮೇಲಕ್ಕೆ ಇರಬಹುದು. ಸುಮಾರು ಒಂದು ವಾರದೊಳಗೆ ಅದು ತಲೆಕೆಳಗಾಗಬೇಕು. ಆಮೇಲೆ ಎಂಟು ವರ್ಷದವರೆಗೆ, ಕೆಲವರಲ್ಲಿ ಹರೆಯದವರೆಗೂ, ಕೆಳಗೇ ಇರುತ್ತದೆ. ದೊಡ್ಡವರಲ್ಲಿ ಟಿ ತಲೆಕೆಳಗಾದರೆ ಹೃದಯಕ್ಕೆ ರಕ್ತ ಕಡಿಮೆಯಾಯಿತೇ ಎಂದು ಯೋಚಿಸುತ್ತೇವೆ. ಮಕ್ಕಳಲ್ಲಿ ಪೂರಾ ಉಲ್ಟಾ. ಮೂರು ವರ್ಷದ ಮಗುವಿನ ವಿ1ರಲ್ಲಿ ಟಿ ನೆಟ್ಟಗೆ, ನೋಡಲು ಅಂದವಾಗಿ, ಮೇಲಕ್ಕೆ ನಿಂತಿದ್ದರೆ ಅದೇ ತೊಂದರೆಯ ಗುರುತು. ಬಲಗಡೆಯ ಎತ್ತು ಇನ್ನೂ ಭಾರ ಎಳೆಯುತ್ತಿದೆ ಎಂದರ್ಥ. ಪುಪ್ಪುಸದ ಒತ್ತಡ ಹೆಚ್ಚಿರಬಹುದು, ಅಥವಾ ಪುಪ್ಪುಸಕ್ಕೆ ಹೋಗುವ ದಾರಿ ಕಿರಿದಾಗಿರಬಹುದು. ಆರ್ ಅಷ್ಟೇನೂ ಎತ್ತರ ಇಲ್ಲದಿದ್ದರೂ ಈ ಒಂದು ಟಿ ಸಾಕು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು. ಇದನ್ನು ಮೊದಲ ಸಲ ಕಲಿತ ದಿನ ನಾನು ವಾರ್ಡಿನ ಎಲ್ಲ ಮಕ್ಕಳ ಹಳೇ ಕಾಗದ ತೆಗೆದು ವಿ1 ಒಂದನ್ನೇ ನೋಡುತ್ತ ಕುಳಿತಿದ್ದೆ.

ಓದುವುದಕ್ಕಿಂತ ಮೊದಲು ತೆಗೆಯುವುದು ಸರಿ ಇರಬೇಕು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ, ಒಳ್ಳೆಯದೇ. ಆದರೆ ಎಣ್ಣೆ ಮೈ ಮೇಲೆ ಸ್ಟಿಕ್ಕರ್ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಹಚ್ಚಿ. ಬೆಳ್ಳಿ ಕಾಲುಗೆಜ್ಜೆ ಕ್ಲಿಪ್ಪಿಗೆ ತಾಗದಂತೆ ಮೇಲಕ್ಕೆ ಸರಿಸಿ. ಜೆಲ್ ತಣ್ಣಗಿದ್ದರೆ ಕೂಸು ಕಿರುಚುತ್ತದೆ, ಅಂಗೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ತಾಯಿಯ ತೊಡೆಯ ಮೇಲೆ, ಹಾಲು ಕುಡಿದು ತೂಕಡಿಸುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಎಳೆ ಕೂಸಿನ ಎದೆಯ ಮೇಲೆ ದೊಡ್ಡವರ ಸ್ಟಿಕ್ಕರ್ ಆರು ಹಿಡಿಯುವುದಿಲ್ಲ, ಒಂದಕ್ಕೊಂದು ತಾಗಿದರೆ ಎಲ್ಲ ಲೀಡೂ ಒಂದೇ ಥರ ಕಾಣುತ್ತವೆ. ಸಣ್ಣ ಸ್ಟಿಕ್ಕರ್ ಬೇಕು. ಬಲಗಡೆಯ ಕೋಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಲು ಎದೆಯ ಬಲಕ್ಕೆ ವಿ4ಆರ್ ಎಂಬ ಒಂದು ಲೀಡ್ ಹೆಚ್ಚಿಗೆ ತೆಗೆಯುವುದು ರೂಢಿ. ವಿ4 ಎಡಕ್ಕೆ ಎಲ್ಲಿದೆಯೋ ಬಲಕ್ಕೆ ಅದೇ ಜಾಗ.

ಕೈ ವೈರ್ ಅದಲುಬದಲಾಗುವುದು ಬಹಳ ಸಾಮಾನ್ಯ, ಯಾಕೆಂದರೆ ಕೂಸು ಸುಮ್ನೆ ಮಲಗಿರುವುದಿಲ್ಲ. ಹಾಗಾದರೆ ಲೀಡ್ 1ರಲ್ಲಿ ಪಿ ತಲೆಕೆಳಗಾಗುತ್ತದೆ. ಹೃದಯ ಬಲಗಡೆ ಇರುವ ಮಕ್ಕಳಲ್ಲೂ ಹಾಗೇ ಆಗುತ್ತದೆ. ಬೇರೆ ಮಾಡಿ ನೋಡುವುದು ಸುಲಭ: ಎದೆಯ ಲೀಡ್ ನೋಡಿ. ವೈರ್ ತಪ್ಪಿದ್ದರೆ ವಿ6ರಲ್ಲಿ ಗೆರೆ ಎಂದಿನಂತೆ ಚೆನ್ನಾಗಿರುತ್ತದೆ. ಹೃದಯವೇ ಬಲಕ್ಕಿದ್ದರೆ ವಿ1ರಿಂದ ವಿ6ಕ್ಕೆ ಹೋದಂತೆ ಗೆರೆ ಸಣ್ಣದಾಗುತ್ತ ಹೋಗುತ್ತದೆ.

ಇನ್ನು ಎಣಿಕೆ. ಎರಡು ಆರ್‌ಗಳ ನಡುವಿನ ಸಣ್ಣ ಚೌಕ ಎಣಿಸಿ, 1500ನ್ನು ಅದರಿಂದ ಭಾಗಿಸಿ. 10 ಚೌಕ ಇದ್ದರೆ ನಿಮಿಷಕ್ಕೆ 150 ಬಡಿತ. ಮೂರು ವಾರದ ಕೂಸಿಗೆ ಅದು ಸರಿ, ಅತ್ತರೆ 180 ದಾಟುವುದೂ ಉಂಟು. ಐದಾರು ವರ್ಷಕ್ಕೆ ಸುಮಾರು 75ರಿಂದ 120. ಹೈಸ್ಕೂಲಿಗೆ ಬರುವಾಗ ದೊಡ್ಡವರ ಲೆಕ್ಕ. ಉಳಿದ ಅಳತೆಗಳು ಇದರ ಉಲ್ಟಾ, ವಯಸ್ಸಿನ ಜೊತೆ ಉದ್ದವಾಗುತ್ತವೆ. ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗಿನ ಪಿಆರ್ ದೊಡ್ಡವರಲ್ಲಿ 0.20 ಸೆಕೆಂಡಿನವರೆಗೂ ಸರಿ, ಎಳೆ ಕೂಸಿನಲ್ಲಿ 0.10ರ ಆಸುಪಾಸು. ಹಾಗಾಗಿ ಕೂಸಿನ ಪಿಆರ್ 0.20 ಇದ್ದರೆ 'ಬಾರ್ಡರ್‌ನಲ್ಲಿದೆ' ಅಂತ ಬಿಡಬೇಡಿ, ಅದು ಖಂಡಿತ ಜಾಸ್ತಿ. ಕ್ಯೂಆರ್‌ಎಸ್ ಕೂಡ ಕೂಸಿನಲ್ಲಿ ಎರಡು ಸಣ್ಣ ಚೌಕದೊಳಗೇ ಮುಗಿಯಬೇಕು.

ಶಾಲೆಯ ಮಕ್ಕಳಲ್ಲಿ ಬಡಿತ ಒಮ್ಮೆ ಜೋರು, ಒಮ್ಮೆ ನಿಧಾನ ಆಗುತ್ತಿರುತ್ತದೆ. ಉಸಿರು ಎಳೆದಾಗ ಜೋರು, ಬಿಟ್ಟಾಗ ನಿಧಾನ. ಇದು ರೋಗ ಅಲ್ಲ, ಆರೋಗ್ಯವಂತ ಹೃದಯದ ಲಕ್ಷಣ. ಪ್ರತಿ ಕ್ಯೂಆರ್‌ಎಸ್‌ಗೆ ಮೊದಲು ಒಂದೇ ಆಕಾರದ ಪಿ ಇದ್ದರೆ ಧೈರ್ಯವಾಗಿ ಮನೆಗೆ ಕಳಿಸಿ.

ಆದರೆ ತಪ್ಪಿಸಿಕೊಳ್ಳಬಾರದ ಒಂದು ಚಿತ್ರ ಇದೆ. ಎರಡು ತಿಂಗಳ ಕೂಸು. "ನಿನ್ನೆಯಿಂದ ಹಾಲು ಕುಡೀವಲ್ತು, ಬರೇ ಅಳತೈತಿ, ಮೈ ತಣ್ಣಗ ಆಗೈತಿ" ಅನ್ನುತ್ತಾಳೆ ತಾಯಿ. ಇಸಿಜಿಯಲ್ಲಿ ಆರ್‌ನಿಂದ ಆರ್‌ಗೆ ಬರೀ 6 ಸಣ್ಣ ಚೌಕ. ಅಂದರೆ 250. ಕ್ಯೂಆರ್‌ಎಸ್ ಕಿರಿದು, ಪಿ ಕಾಣುವುದಿಲ್ಲ. ಕೂಸು ಅತ್ತರೂ 250, ಸುಮ್ಮನಾದರೂ 250. ಜ್ವರಕ್ಕೋ ಭೇದಿಗೋ ಬಡಿತ ಏರಿದ್ದರೆ ಸಾಮಾನ್ಯವಾಗಿ 220ರ ಕೆಳಗಿರುತ್ತದೆ, ಪಿ ಕಾಣುತ್ತದೆ, ಮೈ ತಣ್ಣಗಾದಂತೆ, ಸಲೈನ್ ಹೋದಂತೆ ಇಳಿಯುತ್ತದೆ. ಇದು ಇಳಿಯುವುದಿಲ್ಲ. ಇದು ಎಸ್‌ವಿಟಿ. ಕರೆಂಟ್ ಒಂದು ಸುತ್ತುದಾರಿಗೆ ಸಿಕ್ಕಿಕೊಂಡು ಗಾಣದೆತ್ತಿನಂತೆ ತಿರುಗುತ್ತಿರುತ್ತದೆ. ಆಸ್ಪತ್ರೆಯಲ್ಲಿ ಮಂಜುಗಡ್ಡೆ ನೀರಿನ ಚೀಲವನ್ನು ಕೂಸಿನ ಮುಖದ ಮೇಲೆ, ಮೂಗು-ಬಾಯಿ ಮುಚ್ಚದ ಹಾಗೆ, ಕೆಲವು ಸೆಕೆಂಡ್ ಇಡುತ್ತೇವೆ. ಎಷ್ಟೋ ಸಲ ಅಷ್ಟಕ್ಕೇ ಆ ಸುತ್ತು ಕಡಿಯುತ್ತದೆ. ಇಲ್ಲದಿದ್ದರೆ ಅಡಿನೋಸಿನ್. ಈ ಔಷಧಿಯ ಅರ್ಧ ಭಾಗ ಹತ್ತು ಸೆಕೆಂಡಿನೊಳಗೇ ರಕ್ತದಿಂದ ಮಾಯವಾಗುತ್ತದೆ, ಅದಕ್ಕೇ ಕೊಟ್ಟ ತಕ್ಷಣ ಸಲೈನ್ ತಳ್ಳಬೇಕು. ಕಣ್ಣುಗುಡ್ಡೆ ಒತ್ತುವ ಹಳೇ ಪದ್ಧತಿ ಮಾತ್ರ ಬೇಡವೇ ಬೇಡ. ಒಂದು ಮಾತು ನೆನಪಿಡಿ: ಇದೆಲ್ಲ ಮಾಡುವಾಗ ಇಸಿಜಿ ಕಾಗದ ಓಡುತ್ತಲೇ ಇರಲಿ. ಬಡಿತ ಸರಿಯಾದ ಮೇಲೆ ಮತ್ತೊಂದು ತೆಗೆಯಿರಿ. ಪಿಆರ್ ಗಿಡ್ಡ ಇದ್ದು, ಕ್ಯೂಆರ್‌ಎಸ್ ಏರುವ ಜಾಗದಲ್ಲಿ ಸಣ್ಣ ಇಳಿಜಾರು ಕಂಡರೆ ಅದು ಡಬ್ಲ್ಯುಪಿಡಬ್ಲ್ಯು, ಹೃದಯದಲ್ಲಿ ಹುಟ್ಟಿನಿಂದ ಬಂದ ಒಂದು ಕಳ್ಳದಾರಿ.

ದಿಕ್ಕು ಕೂಡ ಎಷ್ಟೋ ಹೇಳುತ್ತದೆ. ಡೌನ್ ಸಿಂಡ್ರೋಮ್ ಇರುವ ಕೂಸಿನ ಆಕ್ಸಿಸ್ ಮೇಲ್ಮುಖವಾಗಿ ಹೋದರೆ, ಅಂದರೆ ಎವಿಎಫ್‌ನಲ್ಲಿ ಗೆರೆ ಕೆಳಕ್ಕಿದ್ದರೆ, ಹೃದಯದ ನಡುಮಧ್ಯೆ ದೊಡ್ಡ ರಂಧ್ರ ಇರಬಹುದು ಎಂದು ಎಕೋಗಿಂತ ಮೊದಲೇ ಊಹಿಸಬಹುದು. ಹಾಲು ಕುಡಿಯುವಾಗ ಬೆವರಿ, ನೋವಿನಿಂದ ಅಳುವ ಎರಡು ಮೂರು ತಿಂಗಳ ಕೂಸಿನ ಲೀಡ್ 1 ಮತ್ತು ಎಡಗಡೆಯಿಂದಲೇ ನೋಡುವ ಎವಿಎಲ್‌ನಲ್ಲಿ ಆಳವಾದ ಕ್ಯೂ ಇದ್ದರೆ ಹೃದಯದ ರಕ್ತನಾಳವೇ ತಪ್ಪು ಜಾಗದಿಂದ ಹುಟ್ಟಿರಬಹುದು. ಆಪರೇಷನ್ನಿನಿಂದ ಸರಿಪಡಿಸಬಹುದಾದ ತೊಂದರೆ ಅದು, ತಡ ಮಾಡಬಾರದು.

ನಮ್ಮ ಜಿಲ್ಲೆಗಳಲ್ಲಿ ಇನ್ನೆರಡು ಸಂದರ್ಭ ಮರೆಯಬಾರದು. ಶಾಲೆಗೆ ಹೋಗುವ ಮಗುವಿಗೆ ಒಂದು ಕೀಲು ಬಾತು ಇಳಿದು ಇನ್ನೊಂದು ಕೀಲು ಬಾತರೆ ಇಸಿಜಿ ತೆಗೆದು ಪಿಆರ್ ಅಳೆಯಿರಿ. ವಯಸ್ಸಿಗೆ ಮೀರಿ ಉದ್ದವಾದ ಪಿಆರ್, ಕೀಲಿಗೂ ಹೃದಯಕ್ಕೂ ತಟ್ಟುವ ರುಮ್ಯಾಟಿಕ್ ಜ್ವರದ ಗುರುತುಗಳಲ್ಲಿ ಒಂದು. ಇನ್ನೊಂದು ಚೇಳು. ಗದಗ, ಹಾವೇರಿ ಕಡೆ ಕುಳ್ಳಿನ ಬಣವೆಯಲ್ಲಿ, ಕಲ್ಲಿನ ಸಂದಿಯಲ್ಲಿ ಕೈ ಹಾಕಿದ ಮಕ್ಕಳು ಕಚ್ಚಿಸಿಕೊಂಡು ಬರುತ್ತಾರೆ. ಮೈ ಬೆವರಿ ಕೈಕಾಲು ತಣ್ಣಗಾಗಿದ್ದರೆ ವಿಷ ಹೃದಯಕ್ಕೆ ತಟ್ಟುತ್ತಿದೆ ಎಂದರ್ಥ. ಬಡಿತ ಏರುತ್ತದೆ, ಟಿ ಅಲೆ ಚೂಪಾಗಬಹುದು. ಇಂಥ ಮಕ್ಕಳಿಗೆ ಪ್ರಜೋಸಿನ್ ಎಂಬ ಮಾತ್ರೆ ಜೀವ ಉಳಿಸುತ್ತದೆ ಎಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್. ದೊಡ್ಡ ಲ್ಯಾಬ್ ಇಲ್ಲದೆ, ರೋಗಿಯ ಪಕ್ಕ ಕುಳಿತು ನೋಡಿ ನೋಡಿ ಕಂಡುಕೊಂಡದ್ದು ಅದು.

ಇಸಿಜಿಗೆ ಕಾಣದ್ದೂ ಇದೆ. ಸಣ್ಣ ರಂಧ್ರ ಇರುವ ಹೃದಯದ ಇಸಿಜಿ ಪೂರ್ತಿ ನಾರ್ಮಲ್ ಇರಬಹುದು. 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆಯ ತಂಡದವರು ಅಂಗನವಾಡಿಯಲ್ಲಿ ಎದೆಯ ಸದ್ದು ಕೇಳಿ ಮಗುವನ್ನು ಕಳಿಸಿದ್ದರೆ, ಇಸಿಜಿ ಚೆನ್ನಾಗಿದೆ ಅಂತ ವಾಪಸ್ ಕಳಿಸಬೇಡಿ. ಎಕೋ ಆಗಲೇಬೇಕು.

ಕೊನೆಗೆ ಕ್ಯೂಟಿ. ಕ್ಯೂ ಶುರುವಿನಿಂದ ಟಿ ಮುಗಿಯುವವರೆಗಿನ ಸಮಯ. ಅಣ್ಣಿಗೇರಿ ಆಚೆಯ ಒಂದು ಊರಿನಿಂದ ಏಳು ವರ್ಷದ ಹುಡುಗಿ ಬಂದಿದ್ದಳು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅಪ್ಪ-ಅಮ್ಮ ಸೋದರಮಾವ, ಸೋದರ ಸೊಸೆ. ಓಡುವಾಗ, ಹೆದರಿದಾಗ ದಬ್ಬನೆ ಬೀಳುತ್ತಾಳೆ, ಕೈಕಾಲು ಸೆಟೆಯುತ್ತದೆ, ಒಂದೆರಡು ನಿಮಿಷಕ್ಕೆ ಎದ್ದು ಕೂರುತ್ತಾಳೆ. ಎರಡು ವರ್ಷದಿಂದ ಮೂರ್ಛೆಯ ಮಾತ್ರೆ ನಡೆದಿತ್ತು. ಇಸಿಜಿ ಒಂದೂ ಆಗಿರಲಿಲ್ಲ.

ತೆಗೆದೆವು. ಲೀಡ್ 2 ಮೇಲೆ ಪೆನ್ನಿನ ತುದಿ ಇಟ್ಟು ಎಣಿಸಿದೆ. ಆರ್‌ನಿಂದ ಆರ್‌ಗೆ 16 ಸಣ್ಣ ಚೌಕ, ಅಂದರೆ 0.64 ಸೆಕೆಂಡ್. ಕ್ಯೂಟಿ 11 ಚೌಕ, 0.44 ಸೆಕೆಂಡ್. ಮಷೀನ್ ಇದನ್ನು ಗುರುತಿಸಿರಲಿಲ್ಲ. ಟಿ ಮುಗಿಯುವುದು ಎರಡು ಆರ್‌ಗಳ ನಡುಮಧ್ಯ ದಾಟಿ ಬಹಳ ಮುಂದೆ ಹೋಗಿತ್ತು, ಅನುಮಾನ ಬರಲು ಅಷ್ಟೇ ಸಾಕು. ಬಡಿತಕ್ಕೆ ತಕ್ಕಂತೆ ಸರಿಪಡಿಸುವ ಬ್ಯಾಜೆಟ್ ಲೆಕ್ಕ ಹೀಗಿದೆ: ಕ್ಯೂಟಿಯನ್ನು ಆರ್-ಆರ್ ಸಮಯದ ವರ್ಗಮೂಲದಿಂದ ಭಾಗಿಸಬೇಕು. 0.64ರ ವರ್ಗಮೂಲ 0.8. 0.44ನ್ನು 0.8ರಿಂದ ಭಾಗಿಸಿದರೆ 0.55. ಮಕ್ಕಳಲ್ಲಿ 0.46 ದಾಟಿದರೇ ಎಚ್ಚರ ವಹಿಸುತ್ತೇವೆ. ಇದು ಬಹಳ ಮೇಲೆ. ಕ್ಯೂಟಿ ಇಷ್ಟು ಉದ್ದ ಇದ್ದರೆ ಬಡಿತ ಏಕಾಏಕಿ ತಾಳ ತಪ್ಪಿ ಮಗು ಬೀಳುತ್ತದೆ, ನೋಡಿದವರಿಗೆ ಮೂರ್ಛೆಯ ಹಾಗೆ ಕಾಣುತ್ತದೆ.

ಕಿವುಡುತನ ಮತ್ತು ಉದ್ದ ಕ್ಯೂಟಿ ಒಟ್ಟಿಗೆ ಬರುವ ಈ ಕಾಯಿಲೆಯನ್ನು 1957ರಲ್ಲಿ ನಾರ್ವೆಯ ಒಂದು ಕುಟುಂಬದಲ್ಲಿ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಗುರುತಿಸಿದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಗುವಿಗೆ ಬರುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆ ಆಗುವ ನಮ್ಮ ಕಡೆ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲೇಬೇಕು. ಹುಟ್ಟಾ ಕಿವುಡು ಮಗುವಿಗೆ ಒಂದು ಇಸಿಜಿ, ಓಡುವಾಗಲೋ ಹೆದರಿದಾಗಲೋ ಬೀಳುವ ಯಾವ ಮಗುವಿಗೂ ಒಂದು ಇಸಿಜಿ. ಹೆಚ್ಚು ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ಹುಡುಗಿಗೆ ಬೀಟಾ ಬ್ಲಾಕರ್, ಅಂದರೆ ಹೃದಯದ ಮೇಲೆ ಅಡ್ರಿನಲಿನ್ ಹೊಡೆತ ತಗ್ಗಿಸುವ ಔಷಧಿ, ಶುರು ಮಾಡಿದೆವು. ಕೆರೆಯಲ್ಲಿ ಈಜು ಬೇಡ, ಓಟದ ಪಂದ್ಯ ಬೇಡ ಎಂದೆವು. ಕ್ಯೂಟಿ ಉದ್ದ ಮಾಡುವ ಔಷಧಿಗಳ ಪಟ್ಟಿ ಬರೆದು ಅಪ್ಪನ ಕೈಗೆ ಕೊಟ್ಟೆವು, ಯಾವ ಡಾಕ್ಟರ್ ಹತ್ತಿರ ಹೋದರೂ ತೋರಿಸಲೆಂದು. ಹೃದಯ ತಜ್ಞರ ಬಳಿ ಕಳಿಸಿದೆವು. ಹೊರಡುವ ಮೊದಲು ಅವರಮ್ಮ ಸೊಂಟದ ಮೇಲಿದ್ದ ಸಣ್ಣವನನ್ನು ಮುಂದೆ ಮಾಡಿ, "ಇವನದೂ ಒಂದು ನೋಡಿಬಿಡ್ರಿ" ಅಂದಳು. ನಾನೇ ಕೇಳಬೇಕೆಂದಿದ್ದೆ. ನಾಲ್ಕು ವರ್ಷದವನು, ಕಿವಿ ಚೆನ್ನಾಗಿ ಕೇಳುತ್ತದೆ. ಕಾಗದದ ಮೇಲೆ ಮೊದಲು ವಯಸ್ಸು ಬರೆದು ಎಣಿಸಿದೆ. ಆರ್‌ನಿಂದ ಆರ್‌ಗೆ 14 ಚೌಕ, ಕ್ಯೂಟಿ 8. ಲೆಕ್ಕ ಹಾಕಿದರೆ 0.43 ಬಂತು. ವಿ1ರಲ್ಲಿ ಟಿ ತಲೆಕೆಳಗಿತ್ತು, ನಾಲ್ಕು ವರ್ಷದವನಿಗೆ ಇರಬೇಕಾದ ಹಾಗೆ.